ಹಜಾರಕ್ಕೆ ಹಸಿರು ಸುಣ್ಣ: ಒಂದು ಮಳೆಗಾಲ ಕಳೆದ ಮೇಲಿನ ವಿಮರ್ಶೆ

ಕೊಡಗಿನಲ್ಲಿ ಗೋಡೆಯ ಅಲಂಕಾರದ ಬಗ್ಗೆ ಬೇಸಿಗೆಯಲ್ಲಿ ಬರೆದ ಹೊಗಳಿಕೆಗೆ ಹೆಚ್ಚು ಬೆಲೆ ಕೊಡಬೇಕಾಗಿಲ್ಲ. ಪೇಂಟರ್ ಕುಂಚ ತೊಳೆದುಕೊಂಡು ಹೊರಟ ಸಂಜೆ ಎಲ್ಲ ಗೋಡೆಗಳೂ ಚೆನ್ನಾಗಿಯೇ ಕಾಣುತ್ತವೆ. ಜೂನ್‌ನಲ್ಲಿ ಹಿಡಿದ ಮಳೆಯನ್ನೂ ಜುಲೈ–ಆಗಸ್ಟ್‌ನ ಕಕ್ಕಡ ಮಾಸದ ಮಂಜನ್ನೂ ಕಳೆದು ತುಲಾ ಸಂಕ್ರಮಣದ ಹೊತ್ತಿಗೆ ಅವು ಹೇಗೆ ಉಳಿದಿವೆ ಎಂಬುದೇ ಇಲ್ಲಿಯ ಪರೀಕ್ಷೆ. ಆದ್ದರಿಂದ ಮಡಿಕೇರಿಯ ನಮ್ಮ ಹಳೆಯ ಹೆಂಚಿನ ಮನೆಯ ಹಜಾರಕ್ಕೆ ಗಾಢ ಹಸಿರು, ಜಗಲಿಯ ಗೋಡೆಗೆ ಇಟ್ಟಿಗೆಗೆಂಪು ಬಣ್ಣದ ಸುಣ್ಣ ಬಳಿಸಿದ ಕೆಲಸದ ವಿಮರ್ಶೆಯನ್ನು ಮಳೆಗಾಲ ಪೂರ್ತಿ ಮುಗಿದ ಮೇಲೆ ಬರೆಯುತ್ತಿದ್ದೇನೆ. ಕೆಲಸ ಮಾಡಿದವರು ವಿರಾಜಪೇಟೆ ಕಡೆಯ ಒಂದು ಸಣ್ಣ ತಂಡದವರು. ಅಂಥ ತಂಡಗಳು ಜಿಲ್ಲೆಯಲ್ಲಿ ಇನ್ನೂ ಇರುವುದರಿಂದ ಇವರ ಹೆಸರಿಗಿಂತ ಇವರು ಮಾಡುವ ಕೆಲಸದ ಬಗೆಯೇ ಓದುಗರಿಗೆ ಮುಖ್ಯವೆಂದು ಭಾವಿಸುತ್ತೇನೆ.

ಗಾಢ ಬಣ್ಣದ ಗೋಡೆಯ ಆಸೆ ಇಲ್ಲಿ ಅನೇಕರಿಗಿದೆ. ಮೊಬೈಲಿನಲ್ಲಿ ರಾಶಿ ಚಿತ್ರಗಳನ್ನು ಉಳಿಸಿಕೊಂಡು, ಅಂಗಡಿಯಲ್ಲಿ ಶೇಡ್ ಕಾರ್ಡನ್ನು ಹಿಂದೆ ಮುಂದೆ ತಿರುವಿಹಾಕಿ, ಕೊನೆಗೆ ತಿಳಿಹಳದಿಯ ಡಬ್ಬ ಹಿಡಿದುಕೊಂಡು ಮನೆಗೆ ಮರಳುವವರೇ ಹೆಚ್ಚು. ಹಿಂಜರಿಕೆಗೆ ಅವರು ಹೇಳುವ ಕಾರಣಗಳು ಮೂರು: ಮನೆ ಕತ್ತಲಾಗುತ್ತದೆ, ಬೂಸ್ಟು ಹಿಡಿದರೆ ಎದ್ದು ಕಾಣುತ್ತದೆ, ನೋಡಿದವರು ನಗುತ್ತಾರೆ. ಮೂರನೆಯದನ್ನು ನಾನು ಒಪ್ಪುವುದಿಲ್ಲ. ಕಪ್ಪು ನಿಲುವಂಗಿ ಕುಪ್ಯದ ಮೇಲೆ ಕೆಂಪು ನಡುಪಟ್ಟಿ ಚೇಲೆ ಬಿಗಿಯುವ ನಾಡಿಗೆ ಬಣ್ಣದ ಧೈರ್ಯವನ್ನು ಯಾರೂ ಹೊರಗಿನಿಂದ ಬಂದು ಕಲಿಸಬೇಕಾಗಿಲ್ಲ. ಕಕ್ಕಬೆಯ ಬಳಿ ದೊಡ್ಡ ವೀರರಾಜೇಂದ್ರ 1792ರಲ್ಲಿ ಕಟ್ಟಿಸತೊಡಗಿದ ನಾಲ್ಕುನಾಡು ಅರಮನೆಯಲ್ಲಿ ಚಿತ್ರ ಬರೆದ ಗೋಡೆಗಳಿವೆ; ಕುಶಾಲನಗರ ದಾಟಿದ ಕೂಡಲೇ ಸಿಗುವ ಬೈಲುಕುಪ್ಪೆಯ ಟಿಬೆಟನ್ ಮಂದಿರದ ಒಳಗೆ ಬಣ್ಣವಿಲ್ಲದ ಜಾಗವನ್ನು ಹುಡುಕುವುದೇ ಕಷ್ಟ. ನಮ್ಮ ಮಾವನವರು ಮಾತ್ರ, ಅರಮನೆಯಲ್ಲಿ ಮಳೆಗಾಲಕ್ಕೆ ಬಟ್ಟೆ ಒಣಗಿಸುತ್ತಿರಲಿಲ್ಲ, ನಮ್ಮ ಹಜಾರದಲ್ಲಿ ಒಣಗಿಸುತ್ತೇವೆ ಎಂದು ಹೇಳಿ ವಾದವನ್ನು ಅಲ್ಲಿಗೇ ನಿಲ್ಲಿಸಿದರು.

ಅವರ ಮಾತಿನಲ್ಲಿ ತಿರುಳಿತ್ತು. ಮಡಿಕೇರಿ ಸಮುದ್ರಮಟ್ಟದಿಂದ 1,100 ಮೀಟರಿಗೂ ಹೆಚ್ಚು ಎತ್ತರದಲ್ಲಿದ್ದು, ಇಲ್ಲಿ ವರ್ಷಕ್ಕೆ 3,000 ಮಿಲಿಮೀಟರಿಗೂ ಮಿಕ್ಕಿ ಮಳೆಯಾಗುತ್ತದೆ. ಭಾಗಮಂಡಲದ ಕಡೆ ಇನ್ನೂ ಹೆಚ್ಚು, ಕುಶಾಲನಗರದ ಕಡೆ ಬಹಳ ಕಡಿಮೆ. ಒಂದೇ ಜಿಲ್ಲೆಯಾದರೂ ಕುಶಾಲನಗರದ ಗೋಡೆಯ ಅನುಭವ ಮಡಿಕೇರಿಯ ಗೋಡೆಗೆ ಅನ್ವಯಿಸುವುದಿಲ್ಲ. ಗೋಡೆಗೆ ನೀರು ಬರುವ ದಾರಿಗಳೂ ಹಲವು: ಅಡಿಪಾಯದಿಂದ ಮೇಲೇರುವ ತೇವ, ಪಡುವಣ ಗಾಳಿಯೊಂದಿಗೆ ಗೋಡೆಗೆ ಬಡಿಯುವ ಎರಚಲು, ಸರಿದ ಹೆಂಚಿನಿಂದ ಇಳಿಯುವ ಹನಿ, ಇವೆಲ್ಲದರ ಜೊತೆಗೆ ಮುಚ್ಚಿದ ಕೋಣೆಯ ಒಳಗಿನ ಆವಿ. ಅಂಗಡಿಯ ಪ್ಲಾಸ್ಟಿಕ್ ಎಮಲ್ಷನ್ ಬಣ್ಣ ಗೋಡೆಯ ಮೇಲೆ ಒಂದು ಪೊರೆಯಾಗಿ ಕೂರುತ್ತದೆ. ಒಳಗಿನಿಂದ ಬಂದ ನೀರಿಗೆ ಹೊರಗೆ ಹೋಗಲು ಎಡೆ ಸಿಗದೆ ಆ ಪೊರೆ ಗುಳ್ಳೆ ಗುಳ್ಳೆಯಾಗಿ ಎದ್ದು, ಸಿಪ್ಪೆ ಸುಲಿದಂತೆ ಉದುರುತ್ತದೆ. ತಿಳಿ ಬಣ್ಣದಲ್ಲಿ ಇದು ಒಂದು ಮಟ್ಟಿಗೆ ಮರೆಯಾಗುತ್ತದೆ, ಗಾಢ ಬಣ್ಣದಲ್ಲಿ ಬಿಳಿಯ ಉಪ್ಪಿನ ಕಲೆಗಳೊಂದಿಗೆ ಎದ್ದು ಕಾಣುತ್ತದೆ. ಜನ ದೂರುವುದು ಬಣ್ಣವನ್ನು, ಆದರೆ ಕೆಡುಕು ಇರುವುದು ಪೊರೆಯಲ್ಲಿ ಎಂಬುದು ನನ್ನ ಅಭಿಪ್ರಾಯ. ಸುಣ್ಣವನ್ನು ಆರಿಸಿದ್ದೂ ಈ ಕಾರಣಕ್ಕೇ.

ಸುಣ್ಣ ಪೊರೆ ಕಟ್ಟುವುದಿಲ್ಲ. ಅರಳಿದ ಸುಣ್ಣವನ್ನು ತೆಳುವಾಗಿ ಬಳಿದಾಗ ಅದು ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡನ್ನು ಹೀರಿಕೊಂಡು ನಿಧಾನವಾಗಿ ಮತ್ತೆ ಸುಣ್ಣದ ಕಲ್ಲೇ ಆಗುತ್ತದೆ, ಗೋಡೆಯ ತೇವ ಅದರ ಮೂಲಕ ಹಾದು ಹೊರಗೆ ಹೋಗುತ್ತದೆ. ಹಸಿ ಸುಣ್ಣದ ಕ್ಷಾರಗುಣ ಪಿಎಚ್ 12ರ ಮೇಲಿರುವುದರಿಂದ ಬೂಸ್ಟು ಅದರ ಮೇಲೆ ಸುಲಭವಾಗಿ ಬೆಳೆಯುವುದಿಲ್ಲ. ಗಟ್ಟಿಯಾಗುತ್ತ ಹೋದಂತೆ ಈ ಗುಣ ಕಡಿಮೆಯಾಗುತ್ತದೆ ಎಂಬುದನ್ನೂ ಹೇಳಬೇಕು. ಹಿಂದೆ ವರ್ಷಕ್ಕೊಮ್ಮೆ ಹಬ್ಬದ ಮುಂದೆ ಸುಣ್ಣ ಹೊಡೆಯುತ್ತಿದ್ದುದರಲ್ಲಿ ಅಂದಚಂದದ ಜೊತೆಗೆ ಇದೂ ಒಂದು ಲೆಕ್ಕವಾಗಿತ್ತು.

ಬಣ್ಣದ ವಿಷಯದಲ್ಲಿ ಸುಣ್ಣ ಹಟಮಾರಿ. ಅದರ ಕ್ಷಾರಕ್ಕೆ ತಡೆಯುವ ಪುಡಿಗಳನ್ನು ಮಾತ್ರ ಬೆರೆಸಬಹುದು: ಕೆಂಪು, ಹಳದಿ, ಕಪ್ಪಿಗೆ ಕಬ್ಬಿಣದ ಆಕ್ಸೈಡುಗಳು, ಹಸಿರಿಗೆ ಕ್ರೋಮಿಯಂ ಆಕ್ಸೈಡ್, ನೀಲಿಗೆ ನಮ್ಮ ಅಜ್ಜಿಯರು ಬಟ್ಟೆಗೂ ಸುಣ್ಣಕ್ಕೂ ಹಾಕುತ್ತಿದ್ದ ನೀಲಿಯ ಜಾತಿಯದೇ ಆದ ಅಲ್ಟ್ರಾಮರೀನ್. ಸುಣ್ಣದ ತೂಕದ ಶೇಕಡಾ 10ಕ್ಕಿಂತ ಹೆಚ್ಚು ಪುಡಿ ಹಾಕಿದರೆ ಅದು ಗೋಡೆಯನ್ನು ಹಿಡಿಯದೆ ಕೈಗೆ ಬರುತ್ತದೆ ಎನ್ನುವುದು ಕಸುಬಿನವರ ಸಾಮಾನ್ಯ ಲೆಕ್ಕ. ಇದರ ಜೊತೆಗೆ ಹಸಿಯಿದ್ದಾಗ ಕಾಣುವ ಬಣ್ಣ ಒಣಗಿದ ಮೇಲೆ ಬಹಳಷ್ಟು ತಿಳಿಯಾಗುತ್ತದೆ. ಹೀಗಾಗಿ ಕಾಫಿ ಎಲೆಯ ಹಸಿರನ್ನು ಕೇಳಿದವರಿಗೆ ಮೊದಲ ಬಳಿತದಲ್ಲಿ ಸಿಗುವುದು ಪಾಚಿಯ ಹಸಿರು. ನಮ್ಮ ನೆರೆಯವರೊಬ್ಬರು, ಕಾಸಿಲ್ಲದೆ ಪಾಚಿ ಕಟ್ಟುವ ಊರಿನಲ್ಲಿ ಕಾಸು ಕೊಟ್ಟು ಕಟ್ಟಿಸಿಕೊಂಡಿದ್ದೀರಿ ಎಂದರು; ಆ ಹಂತದಲ್ಲಿ ಅವರ ಮಾತನ್ನು ಅಲ್ಲಗಳೆಯಲು ನನಗೂ ಆಗಲಿಲ್ಲ. ಹಾಲಿನ ಅಂಶವನ್ನು ಅಂಟಾಗಿ ಬೆರೆಸಿದ ಕೊನೆಯ ತೆಳು ಬಳಿತಗಳಿಂದ ಬಣ್ಣ ಗಾಢವಾಯಿತಾದರೂ ಶೇಡ್ ಕಾರ್ಡಿನ ಹಸಿರಿನಷ್ಟು ಆಗಲಿಲ್ಲ, ಆಗುವುದೂ ಇಲ್ಲ.

ತಂಡದ ಬಗ್ಗೆ ನನ್ನ ಮೆಚ್ಚುಗೆ ಇರುವುದು ಅವರು ಬಣ್ಣ ಬಳಿದ ರೀತಿಗಿಂತ ಬಳಿಯಲು ಒಪ್ಪದೆ ಇದ್ದ ರೀತಿಗೆ. ಮೇಸ್ತ್ರಿ ಮೊದಲ ದಿನ ಹಜಾರದ ಗೋಡೆಗೆ ಒಂದು ಚೊಂಬು ನೀರು ಎರಚಿ, ನೀರು ಹಾಗೆಯೇ ಜಾರಿ ಇಳಿದುದನ್ನು ತೋರಿಸಿ, “ಅಕ್ಕಾ, ಈ ಗೋಡೆ ನೀರು ಕುಡಿಯುವುದಿಲ್ಲ, ಇದರ ಮೇಲೆ ಸುಣ್ಣ ನಿಲ್ಲುವುದಿಲ್ಲ” ಎಂದರು. ವರ್ಷಗಟ್ಟಲೆ ಒಂದರ ಮೇಲೊಂದು ಬಳಿದ ಎಮಲ್ಷನ್ ಮತ್ತು ಪುಟ್ಟಿಯನ್ನು ಗಾರೆಯವರೆಗೆ ಕೆರೆದು ತೆಗೆಯದೆ ಕುಂಚ ಎತ್ತುವುದಿಲ್ಲ ಎಂಬ ಅವರ ಹಟದಿಂದ ಮನೆಯೆಲ್ಲ ಧೂಳಾಯಿತು, ಕೂಲಿಯೂ ಏರಿತು. ಕೆರೆದಾಗ ಪಡುವಣ ಗೋಡೆಯ ಕೆಳಭಾಗದಲ್ಲಿ ಸಿಮೆಂಟಿನ ತೇಪೆಯೊಂದು ಸಿಕ್ಕಿತು. ಅದರ ಅಂಚಿನಲ್ಲೇ ಪ್ರತಿ ಮಳೆಗಾಲ ಉಪ್ಪು ಹೊಮ್ಮುತ್ತಿತ್ತು. ಅದನ್ನು ಒಡೆದು, ಬೆಲ್ಲ ಮತ್ತು ಅಳಲೆಕಾಯಿಯ ನೀರು ಬೆರೆಸಿದ ಸುಣ್ಣದ ಗಾರೆಯಿಂದ ತುಂಬಿದರು. ಹೊರಗಿನ ಚರಂಡಿಯನ್ನು ಸರಿಪಡಿಸಿ, ಸರಿದ ಹೆಂಚುಗಳನ್ನು ಕೂರಿಸಿದ ಮೇಲೆಯೇ ಬಣ್ಣದ ಮಾತು. ಈ ಪಟ್ಟಿಯನ್ನು ಮೊದಲೇ ಬರೆದುಕೊಡದೆ ಒಂದೊಂದಾಗಿ ಹೇಳುತ್ತ ಹೋದದ್ದು ಅವರ ದೊಡ್ಡ ಕೊರತೆ. ಖರ್ಚಿನ ಅಂದಾಜು ಕೈತಪ್ಪುವುದು ಹೀಗೆಯೇ.

ಮಾದರಿ ಬಳಿದು ತೋರಿಸುವುದರಲ್ಲಿ ಅವರು ತಾಳ್ಮೆಯವರು. ಬಾಗಿಲಿನ ಹಿಂದೆ ಅಂಗೈಯಗಲದ ಚೌಕ ಬಳಿದು ಒಪ್ಪಿಗೆ ಕೇಳುವ ಪದ್ಧತಿ ಎಲ್ಲೆಡೆ ಇದೆ. ಇವರು ಬೆಳಕು ಬೀಳುವ ಗೋಡೆಯ ಮೇಲೂ ಬೆಳಕು ಬೀಳದ ಗೋಡೆಯ ಮೇಲೂ ಆಳೆತ್ತರದ ಪಟ್ಟಿಗಳನ್ನು ಬಳಿದು, ಪೂರ್ತಿ ಒಣಗುವವರೆಗೆ ಮುಂದಿನ ಮಾತೇ ಆಡಲಿಲ್ಲ. ಬಳಿಯುವ ಮುನ್ನ ಗೋಡೆಯನ್ನು ತೇವ ಮಾಡುವುದು, ಹಾಲಿನಷ್ಟು ತೆಳುವಾಗಿ ಬಳಿಯುವುದು, ಒಂದು ಬಳಿತಕ್ಕೂ ಮತ್ತೊಂದಕ್ಕೂ ನಡುವೆ ಒಂದು ದಿನವಾದರೂ ಬಿಡುವುದು, ಬಿಸಿಲಿನ ಝಳ ತಾಗದಂತೆ ಕಿಟಕಿಗೆ ಬಟ್ಟೆ ಕಟ್ಟುವುದು ಇವೆಲ್ಲವನ್ನೂ ಹೇಳಿಸಿಕೊಳ್ಳದೆ ಮಾಡಿದರು. ಕಣ್ಣಿಗೆ ಕನ್ನಡಕ ಹಾಕಿಕೊಳ್ಳುವುದೊಂದರಲ್ಲಿ ಮಾತ್ರ ಎಲ್ಲರೂ ಸೋಮಾರಿಗಳು. ಹಸಿ ಸುಣ್ಣ ಕಣ್ಣಿಗೆ ಹಾರಿದರೆ ದೃಷ್ಟಿಗೇ ಅಪಾಯವಿರುವುದರಿಂದ ಮನೆಯವರಾದರೂ ಇದನ್ನು ಒತ್ತಾಯಿಸಬೇಕು.

ಕೆಲಸ ಮುಗಿದ ಮೇಲಿನ ನೋಟವನ್ನು ಚಿತ್ರದಲ್ಲಿ ತೋರಿಸುವುದು ಕಷ್ಟ. ಎಮಲ್ಷನ್ ಗೋಡೆಯ ಬಣ್ಣ ಒಂದೇ ಸಮನಾಗಿರುತ್ತದೆ. ಈ ಗೋಡೆಯಲ್ಲಿ ಕುಂಚದ ಓಟ, ಗಾರೆಯ ಏರುಪೇರು, ಎಲ್ಲೋ ಹೆಚ್ಚು ಎಲ್ಲೋ ಕಡಿಮೆ ಹೀರಿದ ಬಣ್ಣದ ಮೋಡಗಳು ಕಾಣುತ್ತವೆ, ಹೊಳಪು ಮಾತ್ರ ಇಲ್ಲವೇ ಇಲ್ಲ. ಬೀಟೆ ಮರದ ಹಳೆಯ ಕುರ್ಚಿಗಳು, ಹಿತ್ತಾಳೆಯ ತೂಗುದೀಪ, ಗೋಡೆಗೆ ನೇತುಹಾಕಿದ ಕೊಡವರ ಕಿರುಗತ್ತಿ ಪೀಚೆಕತ್ತಿ, ಇವೆಲ್ಲ ಬಿಳಿಗೋಡೆಯ ಮುಂದೆ ಸಾಮಾನುಗಳಂತೆ ಕಾಣುತ್ತಿದ್ದವು, ಹಸಿರಿನ ಮುಂದೆ ಅವುಗಳಿಗೆ ಗಾಂಭೀರ್ಯ ಬಂದಿದೆ. ಮರದ ಮುಚ್ಚಿಗೆಗೂ ಕಪ್ಪು ಬಳಿಯೋಣವೆಂದು ತಂಡದ ಕಿರಿಯ ಹುಡುಗನೊಬ್ಬ ಸೂಚಿಸಿದ್ದ. ಅದಕ್ಕೆ ನಾನು ಒಪ್ಪಲಿಲ್ಲ. ತಲೆಮಾರುಗಳ ಹೊಗೆಗೆ ಮಾಗಿದ ಮರದ ಮೇಲೆ ಬಣ್ಣ ಬಳಿಯುವುದು ಧೈರ್ಯವಲ್ಲ, ಅವಿವೇಕ.

ಕತ್ತಲೆಯ ಭಯದ ಬಗ್ಗೆ ಹೇಳುವುದಾದರೆ, ಅದು ನಿಜವೇ. ಒಳ್ಳೆಯ ಬಿಳಿ ಸುಣ್ಣ ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ಶೇಕಡಾ 80ರಷ್ಟನ್ನಾದರೂ ಕೋಣೆಗೆ ಮರಳಿಸುತ್ತದೆ, ಗಾಢ ಹಸಿರು ಅದರ ಸಣ್ಣ ಪಾಲನ್ನಷ್ಟೇ ಮರಳಿಸುತ್ತದೆ. ಜುಲೈಯಲ್ಲಿ ಮಧ್ಯಾಹ್ನವೇ ಮುಸ್ಸಂಜೆಯಂತಿರುವಾಗ, ಅದರ ಮೇಲೆ ಕರೆಂಟೂ ಹೋದಾಗ, ಹಜಾರದಲ್ಲಿ ಪತ್ರಿಕೆ ಓದುವುದು ಸಾಧ್ಯವಾಗಲಿಲ್ಲ. ಮಾವನವರು ಕುರ್ಚಿಯನ್ನು ಜಗಲಿಗೆ ಸಾಗಿಸಿಕೊಂಡರು. ಇದಕ್ಕೆ ನಾವು ಕಂಡುಕೊಂಡ ಉಪಾಯವೆಂದರೆ ಕಿಟಕಿಗೆ ಎದುರಾಗಿರುವ ಗೋಡೆಯನ್ನು ಮತ್ತೆ ಬಿಳಿಯಾಗಿಸಿದ್ದು, ಮತ್ತು ಮುಚ್ಚಿಗೆಯ ಮಧ್ಯದ ಒಂದೇ ದೀಪದ ಬದಲು ಗೋಡೆಯ ಬಳಿ ತಗ್ಗಿನಲ್ಲಿ ಹಳದಿ ಬೆಳಕಿನ ದೀಪಗಳನ್ನು ಇಟ್ಟದ್ದು. ಇನ್ವರ್ಟರ್ ಇಲ್ಲದ ಮನೆಯವರು ನಾಲ್ಕೂ ಗೋಡೆಗೆ ಗಾಢ ಬಣ್ಣ ಬಳಿಸುವುದನ್ನು ನಾನು ಶಿಫಾರಸು ಮಾಡುವುದಿಲ್ಲ.

ಮಳೆಯ ಪರೀಕ್ಷೆಯಲ್ಲಿ ಹಜಾರದ ಗೋಡೆ ನಿರೀಕ್ಷೆಗಿಂತ ಚೆನ್ನಾಗಿ ತೇರ್ಗಡೆಯಾಯಿತು. ಗಾಳಿಮಳೆ ಜೋರಾದಾಗ ಪಡುವಣ ಗೋಡೆಯ ಕೆಳಭಾಗ ತೇವಗೊಂಡು ಕಡುಹಸಿರಾಗುತ್ತಿತ್ತು, ಹೊಳವಾದ ಕೆಲವು ದಿನಗಳಲ್ಲಿ ಆ ಕಲೆ ತಾನಾಗಿ ಮೇಲಿನಿಂದ ಕೆಳಗೆ ಆರಿ ಮರೆಯಾಗುತ್ತಿತ್ತು. ಗುಳ್ಳೆಯೇಳಲಿಲ್ಲ, ಸಿಪ್ಪೆ ಉದುರಲಿಲ್ಲ. ಕೆಟ್ಟದ್ದೆಂದರೆ ಬೀರುವಿನ ಹಿಂದೆ, ಗಾಳಿಯಾಡದ ಜಾಗದಲ್ಲಿ, ತೆಳುವಾದ ಬೂಸ್ಟು ಕಂಡಿತು. ಬೀರುವನ್ನು ಗೋಡೆಯಿಂದ ಒಂದು ಗೇಣು ಮುಂದಕ್ಕೆ ಎಳೆದು ಒಣ ಬ್ರಷ್ಷಿನಿಂದ ಉಜ್ಜಿದ ಮೇಲೆ ಅದು ಮತ್ತೆ ಬರಲಿಲ್ಲ. ಜಗಲಿಯ ಇಟ್ಟಿಗೆಗೆಂಪು ಇಷ್ಟು ಚೆನ್ನಾಗಿ ಉಳಿದಿಲ್ಲ. ಎರಚಲು ನೇರವಾಗಿ ಬಡಿಯುವ ತುದಿಯಲ್ಲಿ ಬಣ್ಣ ತೊಳೆದು ಮಾಸಿದೆ, ನೆಲದ ಮೇಲೂ ಕೆಂಪು ನೀರು ಹರಿದ ಗುರುತುಗಳಿವೆ. ಮಳೆಗಾಲಕ್ಕೆ ಟಾರ್ಪಾಲು ಕಟ್ಟುವ ಮನೆಗಳಲ್ಲಿ ಇದು ತಪ್ಪಬಹುದು. ಹೊರಗೋಡೆಗೆ ಬಣ್ಣದ ಸುಣ್ಣ ಬೇಕೆನ್ನುವವರು ಪ್ರತಿ ವರ್ಷ ಒಂದು ಕೈ ಬಳಿಸಲು ಸಿದ್ಧರಿರಬೇಕು.

ದಿನನಿತ್ಯದ ಬಳಕೆಯಲ್ಲೂ ಕೊರತೆಗಳಿವೆ. ಗೋಡೆಗೆ ಒರಗಿ ಕುಳಿತರೆ ಬೆನ್ನಿಗೆ ಹಸಿರಿನ ಪುಡಿ ಹತ್ತುತ್ತದೆ; ಬಿಳಿ ಪಂಚೆ ಉಟ್ಟ ನೆಂಟರಿಗೆ ಮೊದಲೇ ಹೇಳುವುದು ಲೇಸು. ಎಣ್ಣೆಯ ಕೈ ತಾಗಿದರೆ ಕಲೆ ಹೋಗುವುದಿಲ್ಲ, ಒದ್ದೆ ಬಟ್ಟೆಯಿಂದ ಉಜ್ಜಿದರೆ ಕಲೆಯ ಜೊತೆ ಬಣ್ಣವೂ ಬರುತ್ತದೆ, ಮೇಲೆ ತೇಪೆ ಬಳಿದರೆ ಅದು ತೇಪೆಯೆಂದೇ ಕಾಣುತ್ತದೆ. ಚಿಕ್ಕ ಮಕ್ಕಳಿರುವ ಮನೆಗೂ ಅಡುಗೆಮನೆಗೂ ಇದು ಹೇಳಿಸಿದ್ದಲ್ಲ. ತಂಡದವರು ಕಿಟಕಿಯ ಚೌಕಟ್ಟಿನ ಅಂಚುಗಳನ್ನು ಅಚ್ಚುಕಟ್ಟಾಗಿ ಮುಗಿಸಲಿಲ್ಲ, ಕೆಂಪು ನೆಲದ ಮೇಲೆ ಬಿದ್ದ ಸುಣ್ಣದ ಹನಿಗಳನ್ನು ಒರೆಸದೆ ಹೋದರು, ನಡುವೆ ರೊಬಸ್ಟಾ ಕುಯ್ಲಿಗೆಂದು ಇಬ್ಬರು ಹುಡುಗರು ತೋಟಕ್ಕೆ ಹೋದಾಗ ಕೆಲಸ ನಿಂತೇಹೋಯಿತು. ಕೊನೆಯದು ಅವರ ತಪ್ಪೆನ್ನಲಾರೆ. ಕುಯ್ಲಿನ ಸಮಯದಲ್ಲಿ ಕೊಡಗಿನಲ್ಲಿ ಆಳು ಸಿಗುವುದೇ ದುರ್ಲಭ.

ಇದೇ ಆಸೆಯನ್ನು ಬೇರೆ ದಾರಿಯಲ್ಲಿ ತೀರಿಸಿಕೊಳ್ಳುವವರು ವಾಲ್‌ಪೇಪರ್ ಅಂಟಿಸುತ್ತಾರೆ. ಅಬ್ಬಿ ಜಲಪಾತವಿರುವ ಊರಿನ ಹೋಂಸ್ಟೇಯ ಗೋಡೆಯ ಮೇಲೆ ಯಾವುದೋ ದೇಶದ ಜಲಪಾತದ ಚಿತ್ರ ನೋಡಿ ನನಗೆ ನಗು ಬಂದಿತ್ತು. ಮಳೆಗಾಲದ ಬಳಿಕ ನೋಡಿದಾಗ ಅದರ ಮೂಲೆಗಳು ಬಿಟ್ಟು, ಹಿಂಭಾಗವೆಲ್ಲ ಕಪ್ಪುಗಟ್ಟಿತ್ತು. ಪಿವಿಸಿ ಹಲಗೆಗಳು ತೇವವನ್ನು ಮರೆಮಾಡುತ್ತವೆ, ನಿವಾರಿಸುವುದಿಲ್ಲ. ಕುಶಾಲನಗರದಂಥ ಒಣ ಕಡೆಯ ಹೊಸ ಮನೆಗಳಲ್ಲಿ ಗಾಢ ಬಣ್ಣದ ಸಾಮಾನ್ಯ ಎಮಲ್ಷನ್ನೇ ಸಾಕು, ಸುಣ್ಣದ ಈ ಪಾಡು ಬೇಕಾಗಿಲ್ಲ.

ಖರ್ಚಿನಲ್ಲಿ ಸುಣ್ಣ ಮತ್ತು ಬಣ್ಣದ ಪುಡಿಯ ಪಾಲು ಚಿಕ್ಕದು, ಕೆರೆಯುವ ಮತ್ತು ಗಾರೆ ಸರಿಪಡಿಸುವ ಕೂಲಿಯದೇ ದೊಡ್ಡದು. ಒಟ್ಟು ಲೆಕ್ಕದಲ್ಲಿ ಒಳ್ಳೆಯ ದರ್ಜೆಯ ಎಮಲ್ಷನ್ ಬಳಿಸುವುದಕ್ಕಿಂತ ನಮಗೆ ಹೆಚ್ಚೇ ತಗಲಿತು. ಹಜಾರದ ಮಟ್ಟಿಗೆ ಐದರಲ್ಲಿ ನಾಲ್ಕು ಅಂಕ, ಜಗಲಿಗೆ ಎರಡು. ಇಂಥ ಕೆಲಸ ಮಾಡಿಸುವವರು ನವೆಂಬರ್–ಡಿಸೆಂಬರ್‌ನ ಪುತ್ತರಿ ಹಬ್ಬ ಮುಗಿದ ಕೂಡಲೇ ಮೇಸ್ತ್ರಿಯೊಂದಿಗೆ ಮಾತಾಡಿ ದಿನ ಗೊತ್ತುಮಾಡಿಕೊಳ್ಳಬೇಕು. ಕುಯ್ಲು ಮುಗಿದ ಮೇಲೆ ಆಳುಗಳು ಸಿಗುವುದಕ್ಕೂ ಜೂನ್‌ನ ಮಳೆ ಹಿಡಿಯುವುದಕ್ಕೂ ನಡುವೆ ಇರುವ ಕಾಲ ಕಡಿಮೆ. ಸುಣ್ಣ ಗಟ್ಟಿಯಾಗಲು ಕೆಲವು ವಾರಗಳಾದರೂ ಬೇಕಾಗುವುದರಿಂದ ಮೇ ತಿಂಗಳ ಮೊದಲ ವಾರದೊಳಗೆ ಕೊನೆಯ ಬಳಿತ ಆಗಿರಬೇಕು. ಅಂದಾಜುಪಟ್ಟಿಯಲ್ಲಿ ಕೆರೆಯುವ ಕೂಲಿ, ಗಾರೆಯ ಕೆಲಸ, ಬಳಿತಗಳ ಸಂಖ್ಯೆ, ನೆಲ ಶುಚಿಮಾಡುವ ಹೊಣೆ ಇವನ್ನು ಬೇರೆ ಬೇರೆಯಾಗಿ ಬರೆಸಿಕೊಂಡ ಮೇಲೆಯೇ ಮುಂಗಡ ಕೊಡಿ.