ಸೈಟಿನ ನಿಜವಾದ ಖರ್ಚು: ಪುಸ್ತಕ, ಶೀಟ್, ಟ್ಯಾಲಿ

ಒಟ್ಟಿಗೆ ಮೂರು ನಾಲ್ಕು ಮನೆ ಕಟ್ಟಿಸುವ ಕಂಟ್ರಾಕ್ಟರಿಗೆ ವರ್ಷದ ಲಾಭ ಎಷ್ಟೆಂದು ಆಡಿಟರ್ ಹೇಳುತ್ತಾರೆ. ಯಾವ ಸೈಟು ದುಡಿಯಿತು, ಯಾವುದು ನುಂಗಿತು ಅನ್ನುವುದು ಅದರಲ್ಲಿ ಕಾಣುವುದಿಲ್ಲ. ಸೈಟ್ ಪುಸ್ತಕ, ಗೂಗಲ್ ಶೀಟ್, ಟ್ಯಾಲಿ ಅನ್ನುವ ಲೆಕ್ಕದ ಸಾಫ್ಟ್‌ವೇರ್, ಈ ಮೂರೂ ಬಗೆಯಲ್ಲಿ ಲೆಕ್ಕ ಇಟ್ಟು ನೋಡಿದಾಗ ಕಂಡದ್ದು ಇದು.

ಸೈಟ್ ಪುಸ್ತಕ ಹಾಜರಿಗೆ ಚೆನ್ನ. ಮೇಸ್ತ್ರಿ ಅಲ್ಲೇ ಗುರುತು ಹಾಕುತ್ತಾನೆ, ಶನಿವಾರದ ಬಟವಾಡೆಗೆ ತಕರಾರಿರುವುದಿಲ್ಲ. ಸಾಮಾನಿನ ವಿಷಯಕ್ಕೆ ಮಾತ್ರ ನಂಬಬೇಡಿ. ಕೊಂಡದ್ದನ್ನು ಬರೆಯುತ್ತಾರೆ, ಸಾಗಿಸಿದ್ದನ್ನು ಬರೆಯುವುದಿಲ್ಲ. ಪ್ಲಾಸ್ಟರ್ ಮುಗಿದು ಉಳಿದ 30 ಮೂಟೆ ಸಿಮೆಂಟ್ ಗೂಡ್ಸ್ ಆಟೋ ಹತ್ತಿ ಪಕ್ಕದ ಸೈಟಿಗೆ ಹೋದರೆ, ಮೂಟೆಗೆ 400 ರೂ. ಹಿಡಿದರೂ 12,000 ರೂ. ತಪ್ಪು ಸೈಟಿನ ತಲೆಗೆ ಬಿತ್ತು. ಬಿಲ್ಲಿನ ಮೊತ್ತ ಹಾಗೇ ಬರೆದರೆ ಇನ್ನೊಂದು ಎಡವಟ್ಟು: 1,18,000 ರೂ. ಕಬ್ಬಿಣದಲ್ಲಿ 18,000 ಜಿಎಸ್‌ಟಿ. ಇನ್‌ಪುಟ್ ಕ್ರೆಡಿಟ್ (ಕೊಳ್ಳುವಾಗ ಕೊಟ್ಟ ಜಿಎಸ್‌ಟಿಯನ್ನು ತಾವು ಕಟ್ಟಬೇಕಾದದ್ದರಲ್ಲಿ ಕಳೆಯುವ ಅವಕಾಶ) ಸಿಗುವವರಿಗೆ ಅದು ಖರ್ಚಲ್ಲ, ಸಿಗದವರಿಗೆ ಪೂರ್ತಿ ಖರ್ಚು.

ಗೂಗಲ್ ಶೀಟಿನಲ್ಲಿ ಏಳು ಕಾಲಂ ಸಾಕು: ದಿನಾಂಕ, ಸೈಟು, ಕೆಲಸ, ಬಾಬ್ತು, ಪ್ರಮಾಣ, ದರ, ತೆರಿಗೆ ಬಿಟ್ಟ ಮೊತ್ತ (ಕ್ರೆಡಿಟ್ ಸಿಗದವರಿಗೆ ತೆರಿಗೆ ಸೇರಿದ ಮೊತ್ತ). ಸೈಟು, ಕೆಲಸ ಎರಡಕ್ಕೂ ಡ್ರಾಪ್‌ಡೌನ್ (ಪಟ್ಟಿಯಿಂದ ಆರಿಸುವ ಪೆಟ್ಟಿಗೆ) ಕಡ್ಡಾಯ. ಒಬ್ಬ ‘ಪ್ಲಾಸ್ಟರ್’, ಇನ್ನೊಬ್ಬ ‘ಪ್ಲಾಸ್ಟರಿಂಗ್’ ಅಂತ ಹೊಡೆದರೆ ಹೆಸರು ನೋಡಿ ಕೂಡುವ ಸಮ್‌ಇಫ್ಸ್ ಸೂತ್ರ ಅರ್ಧ ಬಿಟ್ಟೇ ಕೂಡುತ್ತದೆ. ಸಾಗಿಸಿದ ಸಿಮೆಂಟಿಗೆ ಎರಡು ಸಾಲು: ಕಳಿಸಿದ ಸೈಟಿಗೆ −30, ಪಡೆದ ಸೈಟಿಗೆ +30, ಆಟೋ ಬಾಡಿಗೆ ಪಡೆದ ಸೈಟಿಗೆ. ಅರ್ಧ ದಿನ ಬಂದ ಗಾರೆಯವನು 0.5. ಕಬ್ಬಿಣಕ್ಕೆ ಒಂದು ತಾಳೆ: ಮಿ.ಮೀ. ವ್ಯಾಸದ ವರ್ಗವನ್ನು 162ರಿಂದ ಭಾಗಿಸಿದರೆ ಮೀಟರಿಗೆ ಎಷ್ಟು ಕೆ.ಜಿ. ಎಂದು ಸಿಗುತ್ತದೆ, 12 ಮಿ.ಮೀ.ನ 12 ಮೀಟರ್ ರಾಡು 10.67 ಕೆ.ಜಿ. ಯಾವ ರಾಡು ಎಷ್ಟು ಬೇಕೆಂದು ಹೇಳುವ ಬಾರ್ ಬೆಂಡಿಂಗ್ ಪಟ್ಟಿಗಿಂತ ಶೇ. 5 ಮೀರಿ ಹೆಚ್ಚು ಬಂದಿದ್ದರೆ ತುಂಡುಗಳನ್ನು ತೂಗಿಸಿ, ವೇಬ್ರಿಜ್ (ಲಾರಿ ತೂಗುವ ಕಟ್ಟೆ) ಚೀಟಿ ಕೇಳಿ.

ಟ್ಯಾಲಿಪ್ರೈಮ್‌ನಲ್ಲಿ ಎಫ್11 ಒತ್ತಿ ಕಾಸ್ಟ್ ಸೆಂಟರ್ (ಖರ್ಚನ್ನು ಬೇರೆ ಬೇರೆ ಹೆಸರಿನಡಿ ಹಾಕುವ ಖಾನೆ) ತೆರೆದು, ಸೈಟಿಗೊಂದು ಮಾಡಬಹುದು. ಜಿಎಸ್‌ಟಿ, ಟಿಡಿಎಸ್‌ಗೆ ಇದೇ ಸರಿ. ತೊಡಕು ಎಲ್ಲಿ ಅಂದರೆ, ಸಾಮಾನು ಇರುವ ಜಾಗ, ಅಂದರೆ ಗೋಡೌನ್, ಬದಲಿಸಿದ ಮಾತ್ರಕ್ಕೆ ಕಾಸ್ಟ್ ಸೆಂಟರಿನ ಹಣ ಕದಲುವುದಿಲ್ಲ, ಹಣ ಸರಿಸಲು ಬೇರೆ ಜರ್ನಲ್ ನಮೂದು ಬೇಕು. ಬಿಲ್ಲಿನ ಮೇಲೆ ಸೈಟಿನ ಹೆಸರಿಲ್ಲದಿದ್ದರೆ ತಿಂಗಳ ಕೊನೆಗೆ ಕೂರುವ ಅಕೌಂಟೆಂಟ್ ಊಹಿಸಿ ಹಾಕುತ್ತಾನೆ. ಪಾಪ, ಅವನೇನು ಮಾಡಿಯಾನು!

ಐದು ಸೈಟಿನವರೆಗೆ ಶೀಟೇ ಮೇಲು: ಹಾಜರಿ ಪುಸ್ತಕದಿಂದ ಶನಿವಾರ ಶೀಟಿಗೆ, ತಿಂಗಳಿಗೊಮ್ಮೆ ಸಾಮಾನಿನ ಒಟ್ಟು ಮೊತ್ತ ಟ್ಯಾಲಿಯ ಖರೀದಿಗೆ ತಾಳೆ. ಕಾಂಕ್ರೀಟ್ ಹಾಕಲು ಬಳಸುವ ಸ್ವಂತ ಸೆಂಟ್ರಿಂಗ್ ತಗಡಿಗೂ ಪೇಟೆಯ ಬಾಡಿಗೆ ಹಚ್ಚಿ. ಕೀ ಕೊಟ್ಟ ಮೇಲೆ ಸೋರಿಕೆ ರಿಪೇರಿಗೆ ಹೋದವನ ಕೂಲಿ ಹೊಸ ಸೈಟಿಗೆ ಬೀಳದಂತೆ, ಮಾಲೀಕರು ತಡೆಹಿಡಿದ ರಿಟೆನ್ಷನ್ ಹಣ ಕೈಸೇರುವವರೆಗೆ ಹಳೆಯ ಸೈಟಿನ ಹೆಸರನ್ನು ಡ್ರಾಪ್‌ಡೌನಿನಿಂದ ತೆಗೆಯಬೇಡಿ.