‘ಕ್ರಿಮಿನಲ್ ಜಸ್ಟೀಸ್: ಬಿಹೈಂಡ್ ಕ್ಲೋಸ್ಡ್ ಡೋರ್ಸ್’: ಮೌನ ನಾಟಿತು, ವಾದ ನಾಟಲಿಲ್ಲ

ಮೈಸೂರಿನ ನ್ಯಾಯಾಲಯದಲ್ಲಿ ಬೆರಳಚ್ಚುಗಾರ್ತಿಯಾಗಿ ಸೇರಿ, ಸಾಕ್ಷಿಗಳ ಹೇಳಿಕೆಯನ್ನು ಬರೆದುಕೊಳ್ಳುವುದರಲ್ಲೇ ವಯಸ್ಸು ಕಳೆದು ನಿವೃತ್ತಳಾದ ನನಗೆ, ಕೋರ್ಟಿನ ಕಥೆಯುಳ್ಳ ಧಾರಾವಾಹಿ ಎಂದರೆ ಮೊದಲಿನಿಂದಲೂ ಅನುಮಾನವೇ. 2020ರ ಡಿಸೆಂಬರ್‌ನಲ್ಲಿ ಹಾಟ್‌ಸ್ಟಾರ್‌ನಲ್ಲಿ ಬಂದ ಈ ಹಿಂದಿ ಸರಣಿಯನ್ನು ತಡವಾಗಿಯಾದರೂ ನೋಡಿದ್ದು ಸೊಸೆಯ ಒತ್ತಾಯಕ್ಕೆ. ಸರಸ್ವತಿಪುರಂನ ನಮ್ಮ ಮನೆಯಲ್ಲಿ, ಎಲ್ಲರ ಊಟವಾದ ಮೇಲೆ, ರಾತ್ರಿಗೆ ಎರಡರಂತೆ ಎಂಟೂ ಕಂತುಗಳನ್ನು ನೋಡಿ ಮುಗಿಸಿದೆವು. ನೋಡಿ ವಾರವಾದರೂ ಇದು ಮನಸ್ಸಿನಿಂದ ಇಳಿದಿಲ್ಲ. ಹಾಗೆಂದು ಪೂರ್ತಿಯಾಗಿ ಮೆಚ್ಚಿದೆ ಎನ್ನಲೂ ಬಾಯಿ ಬರುತ್ತಿಲ್ಲ.

ಮುಂಬೈನ ಹೆಸರಾಂತ ವಕೀಲ ಬಿಕ್ರಮ್ ಚಂದ್ರ ಎಲ್ಲರೂ ಕೈಮುಗಿಯುವಂಥ ಮನುಷ್ಯ. ಅವನ ಹೆಂಡತಿ ಅನು ಒಂದು ರಾತ್ರಿ ಅವನನ್ನು ಚಾಕುವಿನಿಂದ ಇರಿಯುತ್ತಾಳೆ. ಇರಿದವಳು ತಾನೇ ಎಂಬುದನ್ನು ಆಕೆ ಮುಚ್ಚಿಡುವುದಿಲ್ಲ. ಏಕೆ ಎಂಬುದನ್ನು ಮಾತ್ರ ಹೇಳುವುದಿಲ್ಲ. ಅವಳ ಪರವಾಗಿ ವಕಾಲತ್ತು ಹಾಕಲು ದೊಡ್ಡ ವಕೀಲರು ಹಿಂಜರಿದಾಗ, ಆಗತಾನೇ ಮದುವೆಯಾದ ವಕೀಲ ಮಾಧವ ಮಿಶ್ರಾ (ಪಂಕಜ್ ತ್ರಿಪಾಠಿ) ಮುಂಬೈಗೆ ಓಡಿ ಬಂದು, ಕಿರಿಯ ವಕೀಲೆ ನಿಖತ್ ಹುಸೇನ್ ಜೊತೆಗೂಡಿ ಪ್ರಕರಣ ಹಿಡಿಯುತ್ತಾನೆ. ಮುಂದಿನದನ್ನು, ತೀರ್ಪನ್ನಂತೂ, ನಾನು ಇಲ್ಲಿ ಬಿಟ್ಟುಕೊಡುವುದಿಲ್ಲ.

ಈ ಸರಣಿಯಲ್ಲಿ ನಾನು ಮನಸಾರೆ ಮೆಚ್ಚಿದ್ದು ಅನುವಿನ ಮೌನವನ್ನು. ನಾನಿದ್ದ ಕೋರ್ಟಿನಲ್ಲಿ ಸಾಕ್ಷಿ ಒಂದು ಮಾತು ಆಡಿದರೆ ನ್ಯಾಯಾಧೀಶರು ಅದನ್ನು ವಾಕ್ಯವಾಗಿ ಕಟ್ಟಿ ಹೇಳುತ್ತಿದ್ದರು, ನಾನು ಟೈಪ್ ಮಾಡುತ್ತಿದ್ದೆ. ಪಾಟಿ ಸವಾಲಿನಲ್ಲಿ ವಕೀಲರು ಏನೇ ಕೇಳಲಿ, ಕೊನೆಗೆ ಕಾಗದದ ಮೇಲೆ ಬೀಳುತ್ತಿದ್ದುದು ‘ನಾನು ಸುಳ್ಳು ಸಾಕ್ಷ್ಯ ನುಡಿಯುತ್ತಿದ್ದೇನೆ ಎಂದರೆ ಸರಿಯಲ್ಲ’ ಎಂಬಂಥ ಸಾಲುಗಳು. ಹಲವು ವರ್ಷಗಳ ಹಿಂದೆ ಒಬ್ಬ ಹೆಂಗಸು ಸಾಕ್ಷಿಕಟ್ಟೆಯಲ್ಲಿ ನಿಂತು, ಗಂಡನ ವಿಚಾರವಾಗಿ ಕೇಳಿದ ಪ್ರಶ್ನೆಗೆ ಏನೂ ಹೇಳದೆ ಸೆರಗಿನ ಅಂಚನ್ನು ಬೆರಳಿಗೆ ಸುತ್ತುತ್ತಾ, ಬಿಚ್ಚುತ್ತಾ ಇದ್ದಳು. ನ್ಯಾಯಾಧೀಶರು ತುಂಬ ಹೊತ್ತು ಕಾದು, ‘ಸಾಕ್ಷಿ ಉತ್ತರಿಸದೆ ಸುಮ್ಮನಿದ್ದಾರೆ’ ಎಂದು ಬರೆಸಿದರು. ಆ ಬೆರಳುಗಳಿಗೆ ನನ್ನ ಹಾಳೆಯಲ್ಲಿ ಜಾಗವಿರಲಿಲ್ಲ. ಅನುವಿನ ಪಾತ್ರದಲ್ಲಿ ಕೀರ್ತಿ ಕುಲ್ಹಾರಿ ತೋರಿಸಿರುವುದು ಆ ಹಾಳೆಯಲ್ಲಿ ಹಿಡಿಸದೆ ಹೋದದ್ದನ್ನೇ. ಮೂರನೆಯ ರಾತ್ರಿ ಸೊಸೆ ತಡೆಯಲಾರದೆ, “ಅತ್ತೆ, ಇವಳು ಬಾಯಿಬಿಟ್ಟು ಹೇಳಬಾರದೇ? ಇನ್ನೆಷ್ಟು ದಿನ ಹೀಗೆ?” ಎಂದಳು. ಹೇಳಲು ಆಕೆಗೆ ಮಾತೇ ಕಲಿಸಿಲ್ಲವಲ್ಲಮ್ಮ, ಎಂದೆ. ಹೊರಗಿನವರ ಕಣ್ಣಿಗೆ ದೇವರಂಥ ಗಂಡ, ಒಳಗೆ ಹೆಂಡತಿಯ ಇಷ್ಟಾನಿಷ್ಟಗಳನ್ನೆಲ್ಲ ತಾನೇ ತೀರ್ಮಾನಿಸುವವನು. ಇದನ್ನು ಹೇಳಿದರೆ ಯಾರು ನಂಬುತ್ತಾರೆ?

ಜೈಲಿನ ಭಾಗಗಳೂ ಇದೇ ಕಾಳಜಿಯಿಂದ ಬಂದಿವೆ. ಅನು ಅಲ್ಲಿ ಬಸುರಿ. ತಾಯಿಯ ಜೊತೆ ಆರು ವರ್ಷದವರೆಗಿನ ಮಕ್ಕಳು ಜೈಲಿನಲ್ಲಿರಬಹುದೆಂದು ಸುಪ್ರೀಂ ಕೋರ್ಟ್ 2006ರಲ್ಲಿ ಹೇಳಿದ್ದನ್ನು ಓದಿ ಬಲ್ಲೆ. ಗೋಡೆಯೊಳಗಿನ ಬಾಣಂತನ ಎಂದರೇನು ಎಂಬುದು ಈ ಸರಣಿ ನೋಡುವಾಗ ಹೊಟ್ಟೆಗೆ ತಟ್ಟಿತು.

ಆದರೆ ಕಥೆ ನ್ಯಾಯಾಲಯದೊಳಗೆ ಕಾಲಿಟ್ಟ ಕೂಡಲೇ ಈ ಸಂಯಮ ಸಡಿಲಾಗುತ್ತದೆ. ವಕೀಲರು ನ್ಯಾಯಾಧೀಶರಿಗಿಂತ ಹೆಚ್ಚಾಗಿ ನೋಡುಗರನ್ನು ಉದ್ದೇಶಿಸಿ ಮಾತನಾಡುತ್ತಿದ್ದಾರೆ ಎನ್ನಿಸುತ್ತದೆ. ಸರ್ಕಾರಿ ವಕೀಲರಾಗಿ ಆಶಿಷ್ ವಿದ್ಯಾರ್ಥಿಯವರ ಗತ್ತು ಚೆನ್ನಾಗಿದೆ, ಆದರೆ ಅಂಥ ಗತ್ತಿಗೆ ನಮ್ಮ ಕೋರ್ಟುಗಳಲ್ಲಿ ಪುರಸೊತ್ತೇ ಇರುವುದಿಲ್ಲ. ದಫೇದಾರ ಹೆಸರು ಕೂಗುವುದು, ಸಾಕ್ಷಿ ಬಂದಿಲ್ಲವೆಂದು ವಾಯಿದೆ ಬೀಳುವುದು, ಮುದ್ದೆಮಾಲಿನ (ಪೊಲೀಸರು ವಶಪಡಿಸಿಕೊಂಡ ವಸ್ತುಗಳ) ಚೀಟಿ ಹುಡುಕುವುದು, ಇವುಗಳ ನಡುವೆಯೇ ಒಬ್ಬಳ ಬದುಕು ತೀರ್ಮಾನವಾಗುತ್ತದೆ. ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ 313ನೆಯ ಕಲಮಿನಡಿ, ನ್ಯಾಯಾಧೀಶರು ಆರೋಪಿಯನ್ನು ನೇರವಾಗಿ, ಪ್ರಮಾಣವಚನವಿಲ್ಲದೆ, ‘ನಿಮ್ಮ ವಿರುದ್ಧ ಹೀಗೆ ಸಾಕ್ಷ್ಯ ಬಂದಿದೆ, ಏನು ಹೇಳುತ್ತೀರಿ?’ ಎಂದು ಒಂದೊಂದಾಗಿ ಕೇಳುವ ಘಟ್ಟವೊಂದಿದೆ. ತಿಂಗಳುಗಟ್ಟಲೆ ಬಾಯಿ ಮುಚ್ಚಿಕೊಂಡಿದ್ದ ಹೆಂಗಸಿನ ಕಥೆಗೆ ಇದಕ್ಕಿಂತ ಬಿಗಿಯಾದ ಸನ್ನಿವೇಶ ಬೇಕೇ? ಕಲ್ಪಿತ ಭಾಷಣಗಳಿಗಿಂತ ನಮ್ಮ ವಿಚಾರಣೆಯ ಈ ಒಣ ಕ್ರಮವೇ ಎದೆ ನಡುಗಿಸುವಂಥದ್ದು ಎಂಬುದನ್ನು ಬರೆದವರು ನಂಬಬೇಕಿತ್ತು.

ನನ್ನ ದೊಡ್ಡ ಅಸಮಾಧಾನ ಕಾನೂನಿನ ಪ್ರಶ್ನೆಯದು. ಈ ಕಥೆಯ ಮೂಲ, ಬಿಬಿಸಿ 2009ರಲ್ಲಿ ಪ್ರಸಾರ ಮಾಡಿದ ಸರಣಿ. ಇಂಗ್ಲೆಂಡಿನ ಅತ್ಯುಚ್ಚ ನ್ಯಾಯಪೀಠ 1991ರಲ್ಲೇ, ಮದುವೆಯಾಗಿದೆ ಎಂಬ ಕಾರಣಕ್ಕೆ ಗಂಡನಿಗೆ ಅತ್ಯಾಚಾರದ ಆರೋಪದಿಂದ ರಕ್ಷಣೆ ಸಿಗದು ಎಂದು ತೀರ್ಮಾನಿಸಿತ್ತು. ನಮ್ಮಲ್ಲಿ ಭಾರತೀಯ ದಂಡ ಸಂಹಿತೆಯ (ಐಪಿಸಿ) 375ನೆಯ ಕಲಮಿನ ಎರಡನೆಯ ವಿನಾಯಿತಿ ಆ ರಕ್ಷಣೆಯನ್ನು ಉಳಿಸಿಕೊಂಡಿತ್ತು. ಐಪಿಸಿಯ ಬದಲಿಗೆ 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 63ನೆಯ ಕಲಮೂ ಅದನ್ನು ಹಾಗೆಯೇ ಇಟ್ಟುಕೊಂಡಿದೆ. 2022ರ ಮಾರ್ಚ್‌ನಲ್ಲಿ ನಮ್ಮ ಕರ್ನಾಟಕ ಹೈಕೋರ್ಟ್ ಗಂಡನೊಬ್ಬನ ಮೇಲಿನ ಅತ್ಯಾಚಾರದ ಆರೋಪವನ್ನು ರದ್ದುಪಡಿಸಲು ನಿರಾಕರಿಸಿದಾಗ ನಾನು ಆ ಸುದ್ದಿಯನ್ನು ಎರಡು ಸಲ ಓದಿದ್ದೆ. ಕೆಲವೇ ತಿಂಗಳಲ್ಲಿ ಸುಪ್ರೀಂ ಕೋರ್ಟ್‌ನಿಂದ ಅದಕ್ಕೆ ತಡೆ ಬಂತು. ಹೀಗಿರುವಾಗ ಅನುವಿಗೆ ಮಲಗುವ ಕೋಣೆಯಲ್ಲಿ ಆದದ್ದು ಕಾನೂನಿನ ಕಣ್ಣಿನಲ್ಲಿ ಅತ್ಯಾಚಾರವೇ ಅಲ್ಲ. ಅದನ್ನು ಅಪರಾಧವೆಂದು ಕರೆಯಲಾಗದ ದೇಶದಲ್ಲಿ ಅದರಿಂದ ತಪ್ಪಿಸಿಕೊಳ್ಳಲು ಚಾಕು ಎತ್ತಿದವಳ ಪರ ವಾದಿಸುವುದು ಹೇಗೆ? ‘ಹಠಾತ್’ ಪ್ರಚೋದನೆಯಾದರೆ ಕೊಲೆಯ ಆರೋಪ ಹಗುರಾಗುತ್ತದೆ ಎನ್ನುವ ಕಾನೂನಿನಲ್ಲಿ ವರ್ಷಾನುಗಟ್ಟಲೆಯ ಹಿಂಸೆಗೆ ಜಾಗವೆಲ್ಲಿ? ಮಾಧವ ಮಿಶ್ರಾ ಈ ಗೋಡೆಗೆ ತಲೆ ಚಚ್ಚಿಕೊಳ್ಳುವುದನ್ನು ನಾನು ಒಂದಿಡೀ ಕಂತು ನೋಡಲು ಸಿದ್ಧಳಿದ್ದೆ. ಸರಣಿ ಈ ಗೋಡೆಯ ಬಳಿ ಸಾಕಷ್ಟು ಹೊತ್ತು ನಿಲ್ಲದೆ, ನಡುವಿನ ಕಂತುಗಳಲ್ಲಿ ಬೇರೆ ಬೇರೆ ಅನುಮಾನಗಳ ಬೆನ್ನು ಹತ್ತುತ್ತದೆ. ಅಲ್ಲಿ ಎಳೆದಾಟವೂ ಇದೆ.

ಪಂಕಜ್ ತ್ರಿಪಾಠಿಯವರ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಅವರು ಮಾತು ನುಂಗಿಕೊಳ್ಳುವ ರೀತಿಗೇ ಒಂದು ತೂಕವಿದೆ. ಮಾಧವನ ಪತ್ನಿ ರತ್ನಾಳ ಪಾತ್ರ ಮಾಡಿದ ಖುಷ್ಬೂ ಆತ್ರೆ ನನಗೆ ಅನಿರೀಕ್ಷಿತ ಸಂತೋಷ ಕೊಟ್ಟರು. ಮಾಧವ ತನ್ನ ಕಕ್ಷಿದಾರಳ ಗಂಡನನ್ನು ಅಳೆಯುತ್ತಲೇ ತಾನು ಎಂಥ ಗಂಡ ಎಂದು ಕೇಳಿಕೊಳ್ಳುವಂತೆ ಮಾಡುವುದು ಅವಳೇ.

ಇದು ‘ಕ್ರಿಮಿನಲ್ ಜಸ್ಟೀಸ್’ನ ಎರಡನೆಯ ಸರಣಿ. ಮೊದಲ ಸರಣಿಯ ಕಥೆಯೇ ಬೇರೆಯಾದ್ದರಿಂದ ಅದನ್ನು ನೋಡದವರೂ ನೇರವಾಗಿ ಇದನ್ನು ಹಾಕಿಕೊಳ್ಳಬಹುದು. ಚಿಕ್ಕ ಮಕ್ಕಳು ಮಲಗಿದ ಮೇಲೆ ನೋಡಿ. ಮೂರು, ನಾಲ್ಕನೆಯ ಕಂತಿನ ಹೊತ್ತಿಗೆ ಬೇಸರ ಬಂದರೆ ಕೈಬಿಡಬೇಡಿ. ಅನು ಕೊನೆಗೆ ಬಾಯಿ ತೆರೆದು ಹೇಳುವ ಮಾತುಗಳನ್ನು, ಕೋರ್ಟಿನ ಭಾಷಣಗಳ ಮೇಲಿನ ನನ್ನ ಸಿಟ್ಟನ್ನೆಲ್ಲ ಬದಿಗಿಟ್ಟು, ಮಾರನೆಯ ದಿನ ಇನ್ನೊಮ್ಮೆ ಒಬ್ಬಳೇ ಕುಳಿತು ಕೇಳಿದೆ.