ಸನ್ನಿವೇಲಿನಲ್ಲಿ ವಾಸ್ತವ್ಯ: ತಿಂಡಿ ಕೊಡುವ ಹೋಟೆಲೋ, ಅಡುಗೆಮನೆ ಇರುವ ಹೋಟೆಲೋ?

ಬೆಂಗಳೂರಿನಿಂದ ಕಂಪನಿಯ ಕೆಲಸದ ಮೇಲೆ ಸಿಲಿಕಾನ್ ವ್ಯಾಲಿಗೆ ಹೋಗುವವರ ಮುಂದೆ ಟ್ರಾವೆಲ್ ಡೆಸ್ಕಿನವರು ಸಾಮಾನ್ಯವಾಗಿ ಎರಡು ಬಗೆಯ ಹೋಟೆಲುಗಳನ್ನು ಇಡುತ್ತಾರೆ. ಒಂದು, ಬೆಳಗಿನ ತಿಂಡಿ ಬಾಡಿಗೆಯಲ್ಲೇ ಸೇರಿರುವ ಮಾಮೂಲಿ ಹೋಟೆಲು. ಇನ್ನೊಂದು, ಕೋಣೆಯೊಳಗೇ ಒಲೆ, ದೊಡ್ಡ ಫ್ರಿಜ್, ಪಾತ್ರೆ, ತಟ್ಟೆ ಎಲ್ಲವೂ ಇರುವ ಎಕ್ಸ್‌ಟೆಂಡೆಡ್ ಸ್ಟೇ ಹೋಟೆಲು. ಅಲ್ಲಿನ ಸನ್ನಿವೇಲ್ ನಗರದಲ್ಲಿ ಎರಡರಲ್ಲೂ ಉಳಿದು ನೋಡಿದ ಮೇಲೆ ನನಗನ್ನಿಸಿದ್ದು ಇಷ್ಟು: ಒಂದು ವಾರದೊಳಗೆ ಮುಗಿಯುವ ಕೆಲಸವಾದರೆ ಮೊದಲನೆಯದು, ಅದಕ್ಕೂ ಹೆಚ್ಚು ದಿನವಾದರೆ ಎರಡನೆಯದು. ಆದರೆ ಎರಡನೆಯದನ್ನು ಆರಿಸುವವರು ಮೊದಲ ರಾತ್ರಿಯ ವ್ಯವಸ್ಥೆಯನ್ನು ಮುಂಚಿತವಾಗಿಯೇ ಮಾಡಿಕೊಂಡಿರಬೇಕು.

ದಾರಿಯ ವಿಷಯ ಬೇಗ ಮುಗಿಸುತ್ತೇನೆ. ದುಬೈ ಮೂಲಕ ಹೋದರೆ ಮೊದಲ ಹಾರಾಟ ಸುಮಾರು 4 ಗಂಟೆ, ಎರಡನೆಯದು ಹತ್ತಿರ ಹತ್ತಿರ 16 ಗಂಟೆ; ಫ್ರಾಂಕ್‌ಫರ್ಟ್ ಮೂಲಕವಾದರೆ ಎರಡೂ ಹೆಚ್ಚುಕಡಿಮೆ ಸಮಾನ, ಒಂದೊಂದೂ 10–11 ಗಂಟೆ. ವಿಮಾನದಲ್ಲಿ ಕಣ್ಣು ಮುಚ್ಚಿದೊಡನೆ ನಿದ್ದೆ ಬರುವ ಪುಣ್ಯವಂತರಿಗೆ ದುಬೈ ಸರಿ. ನನಗೆ ನಡುವೆ ಎದ್ದು ಓಡಾಡಲು ಸಿಗುವ ಫ್ರಾಂಕ್‌ಫರ್ಟೇ ಹಿತವೆನಿಸಿತು. ಎರಡೂ ದಾರಿಯಲ್ಲಿ ನಾನು ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಇಳಿದದ್ದು ಮಧ್ಯಾಹ್ನ, ಅಂದರೆ ಬೆಂಗಳೂರಿನಲ್ಲಿ ನಡುರಾತ್ರಿ ಕಳೆದ ಹೊತ್ತು. ಹೋಟೆಲಿನಲ್ಲಿ ಕೋಣೆ ಸಿಗುವುದು ಸಾಮಾನ್ಯವಾಗಿ 3 ಗಂಟೆಯ ಮೇಲೆ.

ಈ ಮೊದಲ ದಿನದ ಮಟ್ಟಿಗೆ ಮಾಮೂಲಿ ಹೋಟೆಲನ್ನು ಸೋಲಿಸುವುದು ಕಷ್ಟ. ಅಲ್ಲಿ ಕೌಂಟರಿನಲ್ಲಿ ಹಗಲೂ ರಾತ್ರಿ ಯಾರಾದರೂ ಇರುತ್ತಾರೆ, ಕೋಣೆ ಖಾಲಿಯಿದ್ದರೆ ಬೇಗ ಕೊಡುತ್ತಾರೆ, ಬೆಳಗ್ಗೆ 6ಕ್ಕೆಲ್ಲಾ ಕಾಫಿ, ಬ್ರೆಡ್ಡು, ಬಾಳೆಹಣ್ಣು ಸಿದ್ಧವಾಗಿರುತ್ತವೆ. ನಸುಕಿನ 3 ಗಂಟೆಗೇ ಎಚ್ಚರವಾಗಿ, ಹೊಟ್ಟೆ ಮಾತ್ರ ಬೆಂಗಳೂರಿನ ಗಡಿಯಾರದ ಪ್ರಕಾರ ಮಧ್ಯಾಹ್ನದ ಊಟ ಕೇಳುತ್ತಿರುವವನಿಗೆ ಇದು ಸಣ್ಣ ಉಪಕಾರವಲ್ಲ. ಅಡುಗೆಮನೆಯ ಹೋಟೆಲಿನಲ್ಲಿ ಅದೇ ಹೊತ್ತಿಗೆ ಫ್ರಿಜ್ ತೆರೆದರೆ ಒಳಗೆ ದೀಪ ಬಿಟ್ಟು ಬೇರೇನೂ ಇರುವುದಿಲ್ಲ. ಆದ್ದರಿಂದ ಒಂದೆರಡು ಪ್ಯಾಕೆಟ್ ರೆಡಿ ಅವಲಕ್ಕಿ, ಉಪ್ಪಿಟ್ಟು ಪೆಟ್ಟಿಗೆಯ ಮೇಲುಭಾಗದಲ್ಲೇ ಇರಲಿ.

ನಾಲ್ಕನೆಯ ದಿನದ ಹೊತ್ತಿಗೆ ತಕ್ಕಡಿ ವಾಲುತ್ತದೆ. ಸಸ್ಯಾಹಾರಿಗೆ ತಿಂಡಿಯ ಮೇಜಿನಲ್ಲಿ ಉಳಿಯುವುದು ಅದೇ ವಾಫಲ್, ಅದೇ ಸಿಹಿ ಮೊಸರು. ಇತ್ತ ಎಲ್ ಕಮೀನೋ ರಿಯಲ್ ರಸ್ತೆಯುದ್ದಕ್ಕೂ ಇರುವ ಭಾರತೀಯ ಅಂಗಡಿಗಳಲ್ಲಿ ಸೋನಾ ಮಸೂರಿಯಿಂದ ಹುಣಸೆಹಣ್ಣಿನವರೆಗೆ ಎಲ್ಲವೂ ದೊರೆಯುವುದರಿಂದ, ಒಲೆಯೊಂದು ಇದ್ದರೆ ಸಾರು–ಅನ್ನಕ್ಕೆ ಅಡ್ಡಿಯಿಲ್ಲ. ಕರಿಬೇವನ್ನೂ ಅಲ್ಲೇ ಕೊಳ್ಳಬೇಕು. ನಿಂಬೆ, ಕಿತ್ತಳೆ ಜಾತಿಯ ಗಿಡಗಳಿಗೆ ರೋಗ ಹರಡುವ ಕೀಟ ಅದರಲ್ಲಿ ಇರಬಹುದೆಂದು ಹಸಿ ಎಲೆಯನ್ನು ಅಮೆರಿಕದೊಳಕ್ಕೆ ಒಯ್ಯಲು ಬಿಡುವುದಿಲ್ಲ. ಮನೆಯ ಎಲೆಕ್ಟ್ರಿಕ್ ರೈಸ್ ಕುಕ್ಕರನ್ನು ಹೊತ್ತೊಯ್ಯುವುದೂ ವ್ಯರ್ಥ. ಅಲ್ಲಿನ ವಿದ್ಯುತ್ತು 120 ವೋಲ್ಟ್. ನಮ್ಮ 230 ವೋಲ್ಟಿನ ಕುಕ್ಕರಿಗೆ ಅರ್ಧದಷ್ಟು ವೋಲ್ಟೇಜ್ ಸಿಕ್ಕಿದಾಗ ಶಾಖ ಕಾಲು ಭಾಗಕ್ಕೆ ಇಳಿಯುತ್ತದೆ, ಅಕ್ಕಿ ನೆನೆಯುತ್ತದೆಯೇ ಹೊರತು ಬೇಯುವುದಿಲ್ಲ. ಲ್ಯಾಪ್‌ಟಾಪ್ ಚಾರ್ಜರಿನ ಮೇಲೆ 100–240 ಎಂದು ಬರೆದಿರುವುದರಿಂದ ಅದಕ್ಕೆ ಪಿನ್ನಿನ ಅಡಾಪ್ಟರ್ ಒಂದಿದ್ದರೆ ಸಾಕು.

ಒಗ್ಗರಣೆಯದ್ದು ಮಾತ್ರ ಪ್ರತ್ಯೇಕ ಅಧ್ಯಾಯ. ನಾನಿದ್ದ ಕೋಣೆಯಲ್ಲಿ ಒಲೆಯ ಮೇಲಿನ ಫ್ಯಾನು ಹೊಗೆಯನ್ನು ಹೊರಗೆ ದಾಟಿಸದೆ, ಜಾಲರಿಯಲ್ಲಿ ಸೋಸಿ ಮತ್ತೆ ಮುಖದ ಮೇಲೇ ಬಿಡುತ್ತಿತ್ತು. ಹೊಗೆ ಪತ್ತೆಹಚ್ಚುವ ಯಂತ್ರ ಮಂಚದ ಮೇಲ್ಗಡೆ ಕೆಲವೇ ಅಡಿ ದೂರದಲ್ಲಿತ್ತು. ಸುರುಳಿಯ ಒಲೆ ನಿಧಾನವಾಗಿ ಕಾದು, ಆರಿಸಿದ ಮೇಲೂ ಬಹಳ ಹೊತ್ತು ಬಿಸಿಯಾಗಿರುವುದರಿಂದ ಎಣ್ಣೆ ಕಾಯುತ್ತಲೇ ಒಲೆ ಆರಿಸಿ, ಉಳಿದ ಕಾವಿನಲ್ಲೇ ಸಾಸಿವೆ ಸಿಡಿಸಿ, ಕಿಟಕಿ ತೆರೆದಿಟ್ಟು, ಒಣಮೆಣಸಿನಕಾಯಿಯನ್ನು ಕೊನೆಗೆ ಹಾಕುವುದು ಕ್ಷೇಮ.

ರಾತ್ರಿಯ ಕರೆಗಳಿಗೂ ಎರಡನೆಯ ಬಗೆಯೇ ಅನುಕೂಲ. ಬೇಸಿಗೆಯಲ್ಲಿ ಅಲ್ಲಿನ ರಾತ್ರಿ 8:30 ಎಂದರೆ ಬೆಂಗಳೂರಿನಲ್ಲಿ ಮರುದಿನ ಬೆಳಗ್ಗೆ 9. ಕಚೇರಿ ಮುಗಿಸಿ ಬಂದವನಿಗೆ ಮತ್ತೊಂದು ಕಚೇರಿ ಆಗ ಶುರುವಾಗುತ್ತದೆ. ಮಾಮೂಲಿ ಕೋಣೆಯಲ್ಲಿ ಈ ಮೀಟಿಂಗುಗಳನ್ನು ಹಾಸಿಗೆಯ ಅಂಚಿನಲ್ಲೇ ನಡೆಸಬೇಕಾಗುತ್ತಿತ್ತು; ಅಡುಗೆಮನೆಯ ಕೋಣೆಯಲ್ಲಿ ಊಟದ ಮೇಜು ಪ್ರತ್ಯೇಕವಾಗಿದ್ದುದರಿಂದ ಹಾಸಿಗೆ ನಿದ್ದೆಗೆಂದೇ ಉಳಿಯಿತು. ಕೋಣೆ ಗುಡಿಸಿ ಹಾಸಿಗೆ ಬದಲಿಸುವುದು ಅಲ್ಲಿ ವಾರಕ್ಕೊಮ್ಮೆ ಮಾತ್ರ, ಪಾತ್ರೆ ತೊಳೆಯುವುದು ನಮ್ಮದೇ ಕೆಲಸ. ಇದರಿಂದ ಬೇಸರವಾಗುವವರೂ ಇದ್ದಾರೆ.

ಇನ್ನು ಖರ್ಚು. ಕ್ಯಾಲಿಫೋರ್ನಿಯಾದ ನಗರಗಳು ವಿಧಿಸುವ ಹೋಟೆಲ್ ತೆರಿಗೆ ಸಾಮಾನ್ಯವಾಗಿ 30 ದಿನಗಳವರೆಗಿನ ವಾಸ್ತವ್ಯಕ್ಕೆ ಮಾತ್ರ ಅನ್ವಯಿಸುತ್ತದೆ. ಐದಾರು ವಾರಗಳ ಕೆಲಸವೆಂದು ಮೊದಲೇ ಗೊತ್ತಿದ್ದರೆ, ವಾರವಾರಕ್ಕೆ ಬುಕಿಂಗ್ ಮುಂದುವರಿಸುವ ಬದಲು ಇಡೀ ಅವಧಿಗೆ ಒಟ್ಟಿಗೇ ಕೋಣೆ ಹಿಡಿಯುವಂತೆ ಟ್ರಾವೆಲ್ ಡೆಸ್ಕಿನವರಿಗೆ ಹೇಳಿ, ತೆರಿಗೆಯ ವಿನಾಯಿತಿಯ ಬಗ್ಗೆ ಹೋಟೆಲಿನಿಂದ ಬರವಣಿಗೆಯಲ್ಲೇ ಉತ್ತರ ಪಡೆದುಕೊಳ್ಳುವುದು ಒಳ್ಳೆಯದು.